ಯಾವ ನಾಯಿ, ಯಾರ ಕೆಲಸಕ್ಕೆ

ಮುಧೋಳ ಸೀಮೆಯ ನಾಯಿಮರಿಗಳಿಗೆ ಈ ಹತ್ತು ವರ್ಷಗಳಲ್ಲಿ ಒಂದರ ಹಿಂದೊಂದು ಸರ್ಕಾರಿ ನೌಕರಿ ಸಿಕ್ಕಿದೆ. 2016ರಲ್ಲಿ ಇಲ್ಲಿನ ಮರಿಗಳು ಮೀರತ್‌ಗೆ ಹೋದವು. ಅಲ್ಲಿರುವುದು ಭೂಸೇನೆಯ ರಿಮೌಂಟ್ ಮತ್ತು ಪಶುವೈದ್ಯ ದಳದ ತರಬೇತಿ ಕೇಂದ್ರ. ಅಲ್ಲಿಯತನಕ ಜರ್ಮನ್ ಶೆಫರ್ಡ್, ಲ್ಯಾಬ್ರಡಾರ್‌ಗಳೇ ತುಂಬಿದ್ದ ಆ ಅಂಗಳಕ್ಕೆ ದೇಶಿ ತಳಿಯೊಂದು ಕಾಲಿಟ್ಟದ್ದು ದೊಡ್ಡ ಸುದ್ದಿಯಾಯಿತು. ಆಮೇಲೆ ವಾಯುಪಡೆಯ ಆಗ್ರಾ ನೆಲೆಯಿಂದ ಕರೆ ಬಂತು, ರನ್‌ವೇ ಮೇಲೆ ಕೂರುವ ಹಕ್ಕಿಗಳನ್ನು ಚದುರಿಸುವ ಕೆಲಸಕ್ಕೆ. ಗಡಿ ಭದ್ರತಾ ಪಡೆಯ ಟೆಕನ್‌ಪುರ ಕೇಂದ್ರದಲ್ಲಿ ಪಳಗಿದ ರಿಯಾ ಎಂಬ ಮುಧೋಳ ಹೆಣ್ಣುನಾಯಿ, 2024ರಲ್ಲಿ ಲಖನೌದಲ್ಲಿ ನಡೆದ ಅಖಿಲ ಭಾರತ ಪೊಲೀಸ್ ಕರ್ತವ್ಯ ಕೂಟದಲ್ಲಿ ನೂರಕ್ಕೂ ಹೆಚ್ಚು ವಿದೇಶಿ ತಳಿಯ ನಾಯಿಗಳನ್ನು ಹಿಂದಿಕ್ಕಿತು. ಜಾಡು ಹಿಡಿಯುವ ವಿಭಾಗದಲ್ಲೂ, ಇಡೀ ಕೂಟದ ಅತ್ಯುತ್ತಮ ನಾಯಿಯಾಗಿಯೂ ಗೆದ್ದು ಬಂತು.

ಇಷ್ಟೆಲ್ಲ ಆದ ಮೇಲೆ ಸಹಜವಾಗಿಯೇ ಮುಂದಿನ ಪ್ರಶ್ನೆ ಹುಟ್ಟುತ್ತದೆ. ಕಣ್ಣು ಕಾಣದವರನ್ನು ನಾಯಿಯೊಂದು ರಸ್ತೆ ದಾಟಿಸುವ, ಆಸ್ಪತ್ರೆಯ ಹಾಸಿಗೆಯಲ್ಲಿರುವ ಮಗುವಿನ ಪಕ್ಕ ಇನ್ನೊಂದು ತಲೆಯಿಟ್ಟು ಮಲಗುವ ವಿಡಿಯೊಗಳು ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿಯ ಫೋನುಗಳಲ್ಲೂ ಓಡಾಡುತ್ತವೆ. ನಮ್ಮ ನಾಯಿಗೂ ಈ ಕೆಲಸ ಕಲಿಸಬಹುದಲ್ಲ?

ಉತ್ತರ ಕೊಡುವ ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಬೇಕು. ಆ ಎರಡು ವಿಡಿಯೊಗಳಲ್ಲಿ ಇರುವುದು ಒಂದೇ ಬಗೆಯ ನಾಯಿಗಳಲ್ಲ. ಒಂದು ಮಾರ್ಗದರ್ಶಿ ನಾಯಿ, ಗೈಡ್ ಡಾಗ್. ಇನ್ನೊಂದು ಥೆರಪಿ ನಾಯಿ. ಅವುಗಳ ಆಯ್ಕೆ ಬೇರೆ, ಕಲಿಕೆ ಬೇರೆ, ಕಾನೂನು ಕೊಡುವ ಹಕ್ಕು ಬೇರೆ. ಎರಡನ್ನೂ ‘ಸಹಾಯ ಮಾಡುವ ನಾಯಿ’ ಎಂದು ಒಟ್ಟಿಗೆ ಕಟ್ಟಿಬಿಟ್ಟರೆ ನಷ್ಟವಾಗುವುದು ನಾಯಿಗೆ ಮಾತ್ರವಲ್ಲ, ಅದನ್ನು ನಂಬಿ ಬದುಕುವ ಮನುಷ್ಯರಿಗೂ.

ಬೇಟೆ ನಿಂತ ಮೇಲೆ

ಕನ್ನಡ ನೆಲದಲ್ಲಿ ನಾಯಿಯನ್ನು ಅದರ ಕೆಲಸಕ್ಕಾಗಿ ಗೌರವಿಸುವ ರೂಢಿ ಬಹಳ ಹಳೆಯದು. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವೇ ಇದಕ್ಕೆ ಸಾಕ್ಷಿ. ಕ್ರಿ.ಶ. 949–50ರ ಆ ಕಲ್ಲಿನ ಮೇಲೆ ಗಂಗರ ಬೂತುಗನ ಅನುಚರ ಮಣಲೇರನ ಕಥೆಯಿದೆ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಅವನು ಬಹುಮಾನವಾಗಿ ಬಯಸಿ ಪಡೆದದ್ದು ಕಾಳಿ ಎಂಬ ನಾಯಿಯನ್ನು. ಕಾಡುಹಂದಿಯೊಂದಿಗೆ ಸೆಣಸಿ ಹಂದಿಯೂ ನಾಯಿಯೂ ಸತ್ತಾಗ ಅವನು ಚಲ್ಲೇಶ್ವರ ದೇವಾಲಯದ ಎದುರು ಕಲ್ಲು ನಿಲ್ಲಿಸಿ ಭೂಮಿ ಬಿಟ್ಟ. ನಾಯಿಗೂ ಹಂದಿಗೂ ನಡೆದ ಆ ಕಾಳಗವನ್ನು ಕೆತ್ತಿರುವ ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ.

ಮುಧೋಳದ ನಾಯಿಯೂ ಬೇಟೆಯದೇ. ಉದ್ದ ಮೋರೆ, ಇಳಿದ ಎದೆಗೂಡು, ಒಳಸರಿದ ಹೊಟ್ಟೆ, ಸಣ್ಣ ಸೊಂಟ, ನೀಳ ಕಾಲು. ಗಂಡುನಾಯಿ ನಿಂತರೆ ಭುಜದ ಎತ್ತರ 70 ಸೆಂಟಿಮೀಟರ್ ಆಸುಪಾಸು. ಮಹಾರಾಷ್ಟ್ರದ ಕಡೆ ಇದೇ ನಾಯಿಗೆ ಕಾರವಾನಿ ಎನ್ನುತ್ತಾರೆ, ಕಿವಿ ಬಾಲಗಳಲ್ಲಿ ರೇಷ್ಮೆಯಂಥ ಕೂದಲಿರುವುದು ಪಶ್ಮಿ. ಮುಧೋಳ ಸಂಸ್ಥಾನದ ರಾಜಾ ಮಾಲೋಜಿರಾವ ಘೋರ್ಪಡೆಯವರು ಬೇಟೆಗಾರರ ಬಳಿ ಇದ್ದ ಈ ತಳಿಯನ್ನು ಅರಮನೆಯ ಆಶ್ರಯದಲ್ಲಿ ಬೆಳೆಸಿದರು. ಐದನೇ ಜಾರ್ಜ್ ದೊರೆಗೆ ಒಂದು ಜೋಡಿಯನ್ನು ಕಾಣಿಕೆ ಕೊಟ್ಟರೆಂದೂ, ‘ಮುಧೋಳ ಹೌಂಡ್’ ಎಂಬ ಹೆಸರು ಅಲ್ಲಿಂದಲೇ ನಿಂತಿತೆಂದೂ ಊರವರು ಹೇಳುತ್ತ ಬಂದಿದ್ದಾರೆ. 2005ರಲ್ಲಿ ಅಂಚೆ ಇಲಾಖೆ ಭಾರತೀಯ ತಳಿಗಳ ಅಂಚೆಚೀಟಿ ತಂದಾಗ ಹಿಮಾಲಯದ ಕುರಿನಾಯಿ, ರಾಂಪುರ, ರಾಜಪಾಳಯಂಗಳ ಜೊತೆ ಮುಧೋಳವೂ ಸೇರಿತ್ತು.

ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಬೇಟೆ ಅಪರಾಧವಾಯಿತು. ಮೊಲ, ನರಿಗಳ ಹಿಂದೆ ಬಯಲಲ್ಲಿ ಓಡುವುದಕ್ಕೆಂದೇ ತಲೆಮಾರುಗಟ್ಟಲೆ ಆರಿಸಿ ಬೆಳೆಸಿದ ನಾಯಿಗೆ ಅದರ ಮೂಲ ಕಸುಬೇ ಇಲ್ಲವಾಯಿತು. ಉಳಿದದ್ದು ಹೊಲದ ಕಾವಲು, ಮನೆಯ ಕಾವಲು, ಮರಿ ಮಾರಾಟ. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯ ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರ ತೆರೆದದ್ದು 2009–10ರ ಹೊತ್ತಿಗೆ. ತಳಿಯ ಶುದ್ಧತೆ ಕಾಯುವುದು, ಬಡ ಕುಟುಂಬಗಳಿಗೆ ಮರಿ ಕೊಟ್ಟು ಸಾಕಿಸುವುದು, ರೋಗ ಮತ್ತು ಆಹಾರದ ಬಗ್ಗೆ ಸಲಹೆ ಕೊಡುವುದು ಅದರ ಕೆಲಸ. ಸೈನ್ಯ, ಅರೆಸೇನೆಗಳ ಬೇಡಿಕೆ ಬಂದದ್ದು ಈ ಬುನಾದಿಯ ಮೇಲೆ.

ಕಸುಬು ಕಳೆದುಕೊಂಡ ತಳಿಗೆ ಹೊಸ ಕೆಲಸ ಹುಡುಕುವುದು ತಪ್ಪಲ್ಲ, ಒಳ್ಳೆಯದೇ. ಆದರೆ ಯಾವ ಕೆಲಸ ಎಂಬುದನ್ನು ನಾಯಿಯ ಸ್ವಭಾವ ನೋಡಿ ತೀರ್ಮಾನಿಸಬೇಕೇ ಹೊರತು ಅಭಿಮಾನದಿಂದಲ್ಲ.

ಒಬ್ಬರ ಕಣ್ಣಾಗುವುದು

ಮೊದಲ ಮಹಾಯುದ್ಧದಲ್ಲಿ ಸಾವಿರಾರು ಸೈನಿಕರು ಕಣ್ಣು ಕಳೆದುಕೊಂಡರು. ಅವರಿಗಾಗಿ 1916ರಲ್ಲಿ ಜರ್ಮನಿಯ ಓಲ್ಡನ್‌ಬರ್ಗ್‌ನಲ್ಲಿ ಗೆರ್ಹಾರ್ಡ್ ಸ್ಟಾಲಿಂಗ್ ಎಂಬ ವೈದ್ಯ ಮಾರ್ಗದರ್ಶಿ ನಾಯಿಗಳ ಶಾಲೆ ತೆರೆದ. ಈ ಬಗೆಯ ವ್ಯವಸ್ಥಿತ ತರಬೇತಿಗೆ ಅದೇ ಆರಂಭ. ಅಂಥದೇ ಕೆಲಸವನ್ನು ಕಂಡು ಬೆರಗಾದ ಡೊರೊಥಿ ಹ್ಯಾರಿಸನ್ ಯೂಸ್ಟಿಸ್ ಎಂಬ ಅಮೆರಿಕನ್ ಮಹಿಳೆ 1927ರಲ್ಲಿ ಒಂದು ಪತ್ರಿಕೆಗೆ ಲೇಖನ ಬರೆದರು. ಅದನ್ನು ಓದಿಸಿ ಕೇಳಿದ ಮಾರಿಸ್ ಫ್ರಾಂಕ್ ಎಂಬ ಅಂಧ ಯುವಕ ಅವರಿಗೆ ಪತ್ರ ಹಾಕಿದ, ಸ್ವಿಟ್ಜರ್ಲೆಂಡಿಗೆ ಹೋಗಿ ಬಡಿ ಎಂಬ ಜರ್ಮನ್ ಶೆಫರ್ಡ್ ಜೊತೆ ಪಳಗಿ ಬಂದ. 1928ರಲ್ಲಿ ನ್ಯೂಯಾರ್ಕಿನ ವಾಹನ ದಟ್ಟಣೆಯ ರಸ್ತೆಯನ್ನು ವರದಿಗಾರರ ಕಣ್ಣೆದುರೇ ಬಡಿಯ ಪಟ್ಟಿ ಹಿಡಿದು ದಾಟಿದ. ಮರುವರ್ಷವೇ ಅಮೆರಿಕದಲ್ಲಿ ‘ದಿ ಸೀಯಿಂಗ್ ಐ’ ಶಾಲೆ ಶುರುವಾಯಿತು. 1931ರಲ್ಲಿ ಬ್ರಿಟನ್ನಿನಲ್ಲಿ ಮೊದಲ ನಾಲ್ಕು ನಾಯಿಗಳು ನಾಲ್ವರ ಕೈಸೇರಿದವು.

ಈ ನಾಯಿ ಮಾಡುವ ಕೆಲಸದ ಬಗ್ಗೆ ಒಂದು ತಪ್ಪು ತಿಳಿವಳಿಕೆ ಎಲ್ಲ ಕಡೆಯೂ ಇದೆ. ‘ಬ್ಯಾಂಕಿಗೆ ಹೋಗು’ ಅಂದರೆ ನಾಯಿ ಬ್ಯಾಂಕಿಗೆ ಕರೆದೊಯ್ಯುವುದಿಲ್ಲ. ದಾರಿ ಗೊತ್ತಿರಬೇಕಾದದ್ದು ಮನುಷ್ಯನಿಗೆ. ಎಷ್ಟನೆಯ ತಿರುವು, ಯಾವ ಕಡೆ ಎಂದು ಅವನು ಹೇಳುತ್ತಾನೆ. ಆ ದಾರಿಯಲ್ಲಿ ಗುಂಡಿ, ಮೆಟ್ಟಿಲು, ನಿಂತ ಬೈಕು, ತಲೆಗೆ ತಾಗುವ ಕೊಂಬೆ ಇದ್ದರೆ ಸುತ್ತಿ ಕರೆದೊಯ್ಯುವುದು ಅಥವಾ ನಿಲ್ಲುವುದು ನಾಯಿಯ ಪಾಲು. ಸಿಗ್ನಲ್ ದೀಪದ ಬಣ್ಣವನ್ನೂ ಅದು ಓದುವುದಿಲ್ಲ. ವಾಹನದ ಸದ್ದು ಕೇಳಿ ದಾಟುವ ನಿರ್ಧಾರ ಮಾಡುವುದೂ ಮನುಷ್ಯನೇ.

ಆದರೆ ಅವನ ನಿರ್ಧಾರ ತಪ್ಪಾದರೆ? ಸದ್ದಿಲ್ಲದ ಕಾರೊಂದು ಬರುತ್ತಿರುವಾಗ ‘ಮುಂದೆ ನಡೆ’ ಎಂದರೆ ನಾಯಿ ನಡೆಯಬಾರದು. ಯಜಮಾನನ ಮಾತು ಮೀರಿ ಅಡ್ಡ ನಿಲ್ಲಬೇಕು. ಮಾತು ಕೇಳುವುದನ್ನು ಯಾವ ಚುರುಕು ನಾಯಿಗಾದರೂ ಕಲಿಸಬಹುದು. ಯಾವಾಗ ಕೇಳಬಾರದು ಎಂಬುದನ್ನು ಕಲಿಸುವುದೇ ಮಾರ್ಗದರ್ಶಿ ನಾಯಿ ಶಾಲೆಗಳ ನಿಜವಾದ ವಿದ್ಯೆ. ಮರಿಯನ್ನು ಸುಮಾರು ಒಂದು ವರ್ಷ ಸ್ವಯಂಸೇವಕ ಕುಟುಂಬವೊಂದು ಸಾಕಿ ಬಸ್ಸು, ಅಂಗಡಿ, ಜನಜಂಗುಳಿಯ ರೂಢಿ ಮಾಡಿಸುತ್ತದೆ. ಆಮೇಲೆ ತಿಂಗಳುಗಟ್ಟಲೆ ಶಾಲೆ. ಕೊನೆಗೆ ನಡಿಗೆಯ ವೇಗ, ಮೈಕಟ್ಟು, ಸ್ವಭಾವ ಹೊಂದುವ ಒಬ್ಬ ವ್ಯಕ್ತಿಯೊಂದಿಗೆ ಜೋಡಿ. ಇಷ್ಟಾದರೂ ಎಷ್ಟೋ ನಾಯಿಗಳು ಈ ಕೆಲಸಕ್ಕೆ ಒಗ್ಗದೆ ಹೊರಬರುತ್ತವೆ.

ಉಳಿದ ಸಹಾಯಕ ನಾಯಿಗಳ ತತ್ವವೂ ಇದೇ: ಒಬ್ಬ ವ್ಯಕ್ತಿ, ಅವರ ಒಂದು ನಿರ್ದಿಷ್ಟ ತೊಂದರೆ, ಅದಕ್ಕೆ ಕಲಿಸಿದ ನಿರ್ದಿಷ್ಟ ಕೆಲಸ. ಕಿವಿ ಕೇಳದವರ ನಾಯಿ ಬಾಗಿಲ ಗಂಟೆ, ಕುಕ್ಕರ್ ಸೀಟಿ, ಮಗುವಿನ ಅಳು ಕೇಳಿದರೆ ಬಂದು ಮೂಗಿನಿಂದ ತಿವಿದು ಸದ್ದಿನ ಕಡೆಗೆ ಕರೆದೊಯ್ಯುತ್ತದೆ. ಗಾಲಿಕುರ್ಚಿಯಲ್ಲಿರುವವರ ನಾಯಿ ಬಿದ್ದ ವಸ್ತು ಎತ್ತಿಕೊಡುತ್ತದೆ, ಬಾಗಿಲು ಎಳೆಯುತ್ತದೆ, ದೀಪದ ಸ್ವಿಚ್ ಒತ್ತುತ್ತದೆ. ಸಕ್ಕರೆ ಕಾಯಿಲೆಯಲ್ಲಿ ರಕ್ತದ ಸಕ್ಕರೆ ಕುಸಿಯುವುದನ್ನು ಮೈವಾಸನೆಯಿಂದ ಹಿಡಿದು ಎಚ್ಚರಿಸುವವು ಇವೆ. ಯುದ್ಧದಿಂದ ಮರಳಿದ ಸೈನಿಕ ದುಃಸ್ವಪ್ನದಲ್ಲಿ ಒದ್ದಾಡುವಾಗ ಎಬ್ಬಿಸುವವೂ ಇವೆ. ನಾಯಿಯ ಅಲರ್ಜಿ ಇರುವ ಕೆಲವರಿಗಾಗಿ ಅಮೆರಿಕದಲ್ಲಿ ಗಿಡ್ಡ ಕುದುರೆಗಳನ್ನೂ ಪಳಗಿಸಿದ್ದಾರೆ. ನಾಯಿಗಿಂತ ಎರಡರಷ್ಟು ಕಾಲ ಬದುಕುವುದು ಅವುಗಳ ಅನುಕೂಲ.

ಇಂಥ ನಾಯಿ ಪಟ್ಟಿ ತೊಟ್ಟು ನಡೆಯುತ್ತಿರುವಾಗ ಅದನ್ನು ಮುಟ್ಟಬಾರದು, ಕರೆಯಬಾರದು, ತಿಂಡಿ ಕೊಡಬಾರದು. ಅದರ ಗಮನ ಒಂದು ಕ್ಷಣ ಆಚೆ ಈಚೆಯಾದರೆ ಪೆಟ್ಟು ತಿನ್ನುವವರು ಪಟ್ಟಿ ಹಿಡಿದವರು.

ಎಲ್ಲರಿಗೂ ಮೈಕೊಡುವುದು

ಥೆರಪಿ ನಾಯಿಯದು ಇದಕ್ಕೆ ತಿರುಗುಮುರುಗು. ಮುಟ್ಟಿಸಿಕೊಳ್ಳುವುದೇ ಅದರ ಕೆಲಸ.

ಅದು ರೋಗಿಯ ನಾಯಿಯಲ್ಲ, ತನ್ನ ಯಜಮಾನನ ನಾಯಿ. ಆ ಯಜಮಾನ ವಾರಕ್ಕೊಮ್ಮೆಯೋ ಹದಿನೈದು ದಿನಕ್ಕೊಮ್ಮೆಯೋ ಅದನ್ನು ಆಸ್ಪತ್ರೆಗೆ, ವೃದ್ಧಾಶ್ರಮಕ್ಕೆ, ವಿಶೇಷ ಮಕ್ಕಳ ಶಾಲೆಗೆ ಕರೆದುಕೊಂಡು ಹೋಗುತ್ತಾನೆ. ಅಪರಿಚಿತರು ಸುತ್ತುವರಿದರೂ, ಮಗುವೊಂದು ಕಿವಿ ಹಿಡಿದೆಳೆದರೂ, ಊರುಗೋಲು ದಡಾರನೆ ಬಿದ್ದರೂ ನಾಯಿ ಬೆದರಬಾರದು, ಗುರುಗುಟ್ಟಬಾರದು. ಸಹಿಸಿಕೊಂಡರೆ ಸಾಲದು, ಅದಕ್ಕೆ ಆ ಒಡನಾಟ ನಿಜವಾಗಿ ಇಷ್ಟವಾಗಬೇಕು. ಕಲಿಸಿ ತರಲಾಗದ ಗುಣ ಅದು. ಹುಟ್ಟಿನಿಂದ ಒಂದಿಷ್ಟು, ಮರಿಯಾಗಿದ್ದಾಗ ಸಿಕ್ಕ ಅಕ್ಕರೆಯಿಂದ ಒಂದಿಷ್ಟು ಬರುತ್ತದೆ.

ಎರಡನೇ ಮಹಾಯುದ್ಧದ ಹೊತ್ತಿನಲ್ಲಿ, 1944ರಲ್ಲಿ, ನ್ಯೂಗಿನಿಯ ಕಾಡಿನಲ್ಲಿ ಸಿಕ್ಕಿದ ಅಂಗೈಯಗಲದ ಯಾರ್ಕ್‌ಷೈರ್ ಟೆರಿಯರ್ ಒಂದನ್ನು ಬಿಲ್ ವಿನ್ ಎಂಬ ಅಮೆರಿಕನ್ ಸೈನಿಕ ಸಾಕಿಕೊಂಡ. ಸ್ಮೋಕಿ ಎಂಬ ಆ ನಾಯಿ ಗಾಯಾಳುಗಳ ವಾರ್ಡಿನಲ್ಲಿ ಹಾಸಿಗೆಯಿಂದ ಹಾಸಿಗೆಗೆ ಹೋಗಿ ಮಲಗುತ್ತಿತ್ತು. ಥೆರಪಿ ನಾಯಿಗಳ ಇತಿಹಾಸ ಬರೆಯುವವರು ಅದನ್ನು ಮೊದಲ ಸಾಲಿನಲ್ಲಿಡುತ್ತಾರೆ. ಇದು ವೈದ್ಯಕೀಯ ಚರ್ಚೆಯಾದದ್ದು 1960ರ ದಶಕದಲ್ಲಿ. ನ್ಯೂಯಾರ್ಕಿನ ಮಕ್ಕಳ ಮನಶ್ಶಾಸ್ತ್ರಜ್ಞ ಬೋರಿಸ್ ಲೆವಿನ್‌ಸನ್ ಬಳಿಗೆ ಬಂದಿದ್ದ, ಯಾರೊಂದಿಗೂ ಬೆರೆಯದ ಹುಡುಗನೊಬ್ಬ ಅವರ ನಾಯಿ ಜಿಂಗಲ್ಸ್ ಜೊತೆ ಒಡನಾಡತೊಡಗಿದ. ಆ ಅನುಭವದ ಮೇಲೆ ಲೆವಿನ್‌ಸನ್ 1962ರಲ್ಲಿ ಪ್ರಬಂಧ ಪ್ರಕಟಿಸಿದಾಗ ಸಹೋದ್ಯೋಗಿಗಳಲ್ಲಿ ಅನೇಕರು ನಕ್ಕಿದ್ದರು. ಇಂದು ಅದು ಈ ಕ್ಷೇತ್ರದ ಮೂಲ ಬರಹಗಳಲ್ಲಿ ಒಂದು.

ಥೆರಪಿಯೊಳಗೂ ಎರಡು ಹಂತಗಳಿವೆ. ನಾಯಿ ಬಂದು ನಾಲ್ಕು ಜನರೊಂದಿಗೆ ಹೊತ್ತು ಕಳೆದು ಹೋದರೆ ಅದು ಭೇಟಿ, ಮನಸ್ಸಿಗೆ ಹಿತ. ಫಿಸಿಯೊಥೆರಪಿಸ್ಟರೋ ಮನಶ್ಶಾಸ್ತ್ರಜ್ಞರೋ ಗುರಿಯಿಟ್ಟು ನಾಯಿಯನ್ನು ಬಳಸಿದರೆ ಮಾತ್ರ ಅದು ಚಿಕಿತ್ಸೆ. ಪಾರ್ಶ್ವವಾಯು ಹೊಡೆದ ಕೈಗೆ ಬರೀ ವ್ಯಾಯಾಮ ಹೇಳಿದರೆ ರೋಗಿ ಎರಡೇ ದಿನಕ್ಕೆ ಬೇಸರಪಡುತ್ತಾರೆ. ಅದೇ ಕೈಯಿಂದ ನಾಯಿಯ ಮೈ ಬಾಚಲು ಹೇಳಿದರೆ ಇಪ್ಪತ್ತು ಸಲ ಕೈಯಾಡಿಸಿದ್ದು ಗೊತ್ತಾಗುವುದಿಲ್ಲ. ಎಷ್ಟು ಸಲ ಕೈ ಎತ್ತಿದರು, ಬೆರಳು ಎಷ್ಟು ಮಡಚಿತು ಎಂದು ಚಿಕಿತ್ಸಕರು ಬರೆದಿಟ್ಟುಕೊಳ್ಳುತ್ತಾರೆ. 1999ರಲ್ಲಿ ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ ಆರಂಭವಾದ ಕಾರ್ಯಕ್ರಮವೊಂದರಲ್ಲಿ ಓದಲು ಹಿಂಜರಿಯುವ ಮಕ್ಕಳು ನಾಯಿಯ ಪಕ್ಕ ಕುಳಿತು ಗಟ್ಟಿಯಾಗಿ ಓದುತ್ತಾರೆ. ಉಚ್ಚಾರ ತಪ್ಪಿದರೆ ನಾಯಿ ತಿದ್ದುವುದಿಲ್ಲ, ನಗುವುದಿಲ್ಲ. ಮಗು ಮುಂದಿನ ಸಾಲಿಗೆ ಹೋಗುತ್ತದೆ.

ಭಾರತದಲ್ಲಿಯೂ ಈ ಕೆಲಸ ಹೊಸದಲ್ಲ. 1991ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಆರಂಭವಾದ ‘ಡಾಕ್ಟರ್ ಡಾಗ್’ ಕಾರ್ಯಕ್ರಮವನ್ನು ಚೆನ್ನೈನ ಬ್ಲೂ ಕ್ರಾಸ್ ಇಲ್ಲಿಗೆ ತಂದಿತು. ಮುಂಬೈನ ಆ್ಯನಿಮಲ್ ಏಂಜಲ್ಸ್ ಫೌಂಡೇಷನ್ ಶಾಲೆ, ಆಸ್ಪತ್ರೆಗಳಲ್ಲಿ ಥೆರಪಿ ನಾಯಿಗಳೊಂದಿಗೆ ಕೆಲಸ ಮಾಡುತ್ತ ಬಂದಿದೆ. 2023ರಿಂದ ಮುಂಬೈ ವಿಮಾನ ನಿಲ್ದಾಣದಲ್ಲೂ ಪ್ರಯಾಣಿಕರ ಆತಂಕ ತಗ್ಗಿಸಲು ಇಂಥ ನಾಯಿಗಳು ಓಡಾಡಿದವು. ಮುಧೋಳದ ಮರಿಗಳು ಕಲಿತ ಮೀರತ್ ಕೇಂದ್ರದ ಕಡೆಯಿಂದಲೇ ಈಚೆಗೆ ಮತ್ತೊಂದು ಹೆಜ್ಜೆ ಕಂಡಿತು. ನಿವೃತ್ತ ಸೇನಾನಾಯಿಗಳನ್ನು ಸಾರ್ವಜನಿಕರಿಗೆ ದತ್ತು ಕೊಡುವುದರ ಜೊತೆಗೆ, ಸೇನೆ ನಡೆಸುವ ವಿಶೇಷ ಮಕ್ಕಳ ‘ಆಶಾ’ ಶಾಲೆಗಳಿಗೂ ಕೊಡಲು ಶುರುಮಾಡಿದರು. ಬಾಂಬು ಹುಡುಕಿದ ಮೂಗು ಈಗ ಮಕ್ಕಳ ಮಡಿಲಲ್ಲಿ.

ನಾಯಿ ಒಡನಾಟದಿಂದ ಆತಂಕ ಕಡಿಮೆಯಾಗುತ್ತದೆ, ಮಾತು ಸಡಿಲವಾಗುತ್ತದೆ ಎಂದು ಹಲವು ಅಧ್ಯಯನಗಳು ಹೇಳುತ್ತವೆ. ನಾಯಿಯೂ ಯಜಮಾನನೂ ಪರಸ್ಪರ ದಿಟ್ಟಿಸಿ ನೋಡಿದಾಗ ಇಬ್ಬರ ದೇಹದಲ್ಲೂ ಆಕ್ಸಿಟೋಸಿನ್ ಏರುತ್ತದೆಂದು 2015ರಲ್ಲಿ ಜಪಾನಿನ ವಿಜ್ಞಾನಿಗಳು ತೋರಿಸಿದರು. ಆದರೆ ಬಹಳಷ್ಟು ಅಧ್ಯಯನಗಳು ಸಣ್ಣವು, ಅಳೆದಿರುವುದು ಆ ಹೊತ್ತಿನ ನೆಮ್ಮದಿಯನ್ನು. ನಾಯಿ ಬಂದರೆ ಆಟಿಸಂ ವಾಸಿಯಾಗುತ್ತದೆ, ಖಿನ್ನತೆಯ ಮಾತ್ರೆ ನಿಲ್ಲಿಸಬಹುದು ಎಂದು ಯಾರಾದರೂ ಹೇಳಿದರೆ, ಅದರಲ್ಲೂ ಮರಿ ಮಾರುವವರೇ ಹೇಳಿದರೆ, ನಂಬಬಾರದು.

ಹಕ್ಕು ಯಾರದು, ಅನುಮತಿ ಯಾರದು

ಇಲ್ಲಿಗೆ ಅತಿ ಮುಖ್ಯ ವ್ಯತ್ಯಾಸ ಬರುತ್ತದೆ. ಕಾನೂನು ಸ್ಪಷ್ಟವಾಗಿರುವ ದೇಶಗಳಲ್ಲಿ ಮಾರ್ಗದರ್ಶಿ ನಾಯಿ ಹೋಟೆಲು, ಬಸ್ಸು, ಕಚೇರಿಗೆ ಬರುವುದು ಅದರ ಒಡೆಯರ ಹಕ್ಕಿನ ಮೇಲೆ. ಬಿಳಿ ಕೋಲನ್ನು ಹೊರಗಿಟ್ಟು ಒಳಗೆ ಬನ್ನಿ ಎಂದು ಯಾರೂ ಹೇಳಲಾಗದಂತೆ ಇದನ್ನೂ ಹೇಳಲಾಗದು. ಥೆರಪಿ ನಾಯಿಗೆ ಆ ಹಕ್ಕಿಲ್ಲ. ಅದು ಅತಿಥಿ. ಆಸ್ಪತ್ರೆ ಕರೆದರೆ ಹೋಗಬೇಕು, ಬೇಡ ಎಂದರೆ ಮರಳಬೇಕು. ಮನಸ್ಸಿನ ಆಸರೆಗೆಂದು ಮನೆಯಲ್ಲಿ ಸಾಕಿಕೊಂಡ ಪ್ರಾಣಿಯದು ಮೂರನೆಯ ಬಗೆ. ಅದು ಜೊತೆಗಿರುವುದೇ ಹಿತ, ವಿಶೇಷ ತರಬೇತಿ ಏನೂ ಇರುವುದಿಲ್ಲ.

ಈ ಗೆರೆಗಳು ಅಳಿಸಿದರೆ ಏನಾಗುತ್ತದೆ ಎಂಬುದನ್ನು ಅಮೆರಿಕ ಕಂಡಿದೆ. ಅಲ್ಲಿನ 1990ರ ವಿಕಲಚೇತನರ ಕಾಯ್ದೆಯ ಪರಿಷ್ಕೃತ ನಿಯಮಗಳು 2011ರಲ್ಲಿ ಜಾರಿಗೆ ಬಂದಾಗ, ಸೇವಾಪ್ರಾಣಿ ಎಂದರೆ ನಿರ್ದಿಷ್ಟ ಕೆಲಸ ಕಲಿತ ನಾಯಿ ಮಾತ್ರ ಎಂದು ಬಿಗಿ ಮಾಡಿದರು, ಗಿಡ್ಡ ಕುದುರೆಗೆ ಪ್ರತ್ಯೇಕ ಅವಕಾಶವಿಟ್ಟು. ಅಂಗಡಿಯವರು ಕೇಳಬಹುದಾದದ್ದು ಎರಡೇ ಪ್ರಶ್ನೆ: ವೈಕಲ್ಯದ ಕಾರಣಕ್ಕೆ ಈ ನಾಯಿ ಬೇಕೇ, ಅದು ಯಾವ ಕೆಲಸ ಕಲಿತಿದೆ. ಆದರೆ ವಿಮಾನಗಳಲ್ಲಿ ಮನಸ್ಸಿನ ಆಸರೆಯ ಪ್ರಾಣಿಗಳಿಗೂ ಉಚಿತ ಪ್ರವೇಶವಿತ್ತು. ಪತ್ರವೊಂದನ್ನು ಹೊಂದಿಸಿಕೊಂಡು ಹಂದಿ, ನವಿಲುಗಳನ್ನೂ ತರುವವರು ಹೆಚ್ಚಿದರು. ತರಬೇತಿಯಿಲ್ಲದ ನಾಯಿಗಳು ನಿಜವಾದ ಮಾರ್ಗದರ್ಶಿ ನಾಯಿಗಳ ಮೇಲೆ ಎರಗಿದವು. ಕೊನೆಗೆ 2020ರ ಡಿಸೆಂಬರಿನಲ್ಲಿ ಸಾರಿಗೆ ಇಲಾಖೆ ಆ ವಿನಾಯಿತಿ ತೆಗೆದುಹಾಕಿತು. ಸುಳ್ಳು ಹೇಳಿದವರಿಂದಾಗಿ ಅನುಮಾನದ ಕಣ್ಣಿಗೆ ಗುರಿಯಾದವರು ನಿಜವಾಗಿ ನಾಯಿಯನ್ನು ನಂಬಿದ ಅಂಧರು.

ನಮ್ಮ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ವೈಕಲ್ಯದ ಬಗೆಗಳನ್ನು 7ರಿಂದ 21ಕ್ಕೆ ಏರಿಸಿತು, ಸಾರ್ವಜನಿಕ ಸ್ಥಳಗಳು ಎಲ್ಲರಿಗೂ ಎಟಕುವಂತಿರಬೇಕು ಎಂದಿತು. ಆದರೆ ಸಹಾಯಕ ನಾಯಿ ಎಂದರೆ ಯಾವುದು ಎಂಬ ವ್ಯಾಖ್ಯಾನ ಅದರಲ್ಲಿಲ್ಲ. ಇನ್ನೊಂದೆಡೆ 2025ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳ ಆವರಣದಿಂದ ಬೀದಿನಾಯಿಗಳನ್ನು ತೆರವು ಮಾಡಲು ಆದೇಶಿಸಿದೆ. ರೇಬೀಸ್ ಭಯ ನಿಜವಾದ ಭಯ. ಆ ಭಯದ ನಡುವೆ ಆಸ್ಪತ್ರೆಯ ಕಾವಲುಗಾರನೊಬ್ಬ ಥೆರಪಿ ನಾಯಿಯನ್ನೋ ಮಾರ್ಗದರ್ಶಿ ನಾಯಿಯನ್ನೋ ಗೇಟಿನಲ್ಲೇ ತಡೆದರೆ ಅವನನ್ನು ದೂರುವಂತಿಲ್ಲ. ಯಾವುದನ್ನು ಬಿಡಬೇಕು ಎಂದು ಅವನಿಗೆ ಹೇಳಿಕೊಟ್ಟವರು ಯಾರೂ ಇಲ್ಲ.

ಮುಧೋಳದ ನಾಯಿಗೆ ಯಾವುದು ಒಗ್ಗೀತು

ಮಾರ್ಗದರ್ಶಿ ಕೆಲಸ ಒಗ್ಗದು ಎಂದೇ ಹೇಳಬೇಕಾಗುತ್ತದೆ. ಮುಧೋಳ ನಾಯಿ ಕಣ್ಣಿನಿಂದ ಬೇಟೆಯಾಡುವ ಗುಂಪಿಗೆ ಸೇರಿದ್ದು. ದೂರದಲ್ಲಿ ಏನೋ ಸರಿದರೆ ಅದರ ಹಿಂದೆ ಚಿಮ್ಮುವುದು ಅದರ ರಕ್ತದಲ್ಲಿದೆ. ಕಬ್ಬಿನ ಹೊಲದಂಚಿನಿಂದ ಮೊಲವೊಂದು ಹಾದರೆ ಹಿಡಿಕೆ ಹಿಡಿದವರ ಗತಿಯೇನು? ಬೇಟೆಯಲ್ಲಿ ಮನುಷ್ಯನಿಂದ ಫರ್ಲಾಂಗು ದೂರ ಹೋಗಿ ತಾನೇ ತೀರ್ಮಾನ ಮಾಡುವುದು ಇದಕ್ಕೆ ರೂಢಿ. ಹೆಜ್ಜೆ ಹೆಜ್ಜೆಗೂ ಒಡೆಯನ ಕಡೆ ತಿರುಗಿ ನೋಡುವ ಸ್ವಭಾವವಲ್ಲ.

ಲ್ಯಾಬ್ರಡಾರ್‌ಗಳು ಈ ಕೆಲಸದಲ್ಲಿ ಗೆಲ್ಲಲು ಒಂದು ವಿಚಿತ್ರ ಕಾರಣವೂ ಸೇರಿದೆ: ಹಸಿವು. ಹೊಟ್ಟೆ ತುಂಬಿತು ಎಂಬ ಸಂದೇಶಕ್ಕೆ ಸಂಬಂಧಿಸಿದ ಜೀನ್ ಒಂದರಲ್ಲಿ ಕೊರೆ ಇರುವುದನ್ನು ಕೇಂಬ್ರಿಡ್ಜ್ ವಿಜ್ಞಾನಿಗಳು 2016ರಲ್ಲಿ ಗುರುತಿಸಿದರು. ಸಾಮಾನ್ಯ ಲ್ಯಾಬ್ರಡಾರ್‌ಗಳಲ್ಲಿ ಸುಮಾರು ನಾಲ್ಕರಲ್ಲಿ ಒಂದಕ್ಕೆ ಆ ಕೊರೆಯಿದ್ದರೆ, ಅವರು ಪರೀಕ್ಷಿಸಿದ ಸಹಾಯಕ ನಾಯಿಗಳಲ್ಲಿ ಮುಕ್ಕಾಲು ಪಾಲಿಗೆ ಇತ್ತು. ತಿಂಡಿಯ ಆಸೆಗೆ ಸಾವಿರ ಸಲ ಅದೇ ಪಾಠವನ್ನು ಖುಷಿಯಿಂದ ಮಾಡುವ ನಾಯಿಯನ್ನು ತರಬೇತುದಾರರು ಗೊತ್ತಿಲ್ಲದೆಯೇ ಆರಿಸುತ್ತ ಬಂದಿರಬಹುದು ಎಂಬುದು ಆ ವಿಜ್ಞಾನಿಗಳ ಊಹೆ. ಓಟದ ಖುಷಿಗೆ ಓಡುವ ಮುಧೋಳ ನಾಯಿಯನ್ನು ಒಂದು ಬಿಸ್ಕತ್ತಿಗೆ ಹಾಗೆ ಕೊಂಡುಕೊಳ್ಳಲಾಗದು.

ನಾಯಿಯ ಮಾತು ಬಿಟ್ಟರೂ ರಸ್ತೆಯ ಮಾತಿದೆ. ಮಾರ್ಗದರ್ಶಿ ನಾಯಿಯ ಪಾಠವೆಲ್ಲ ಪಾದಚಾರಿ ಮಾರ್ಗ, ಅದರ ಅಂಚು, ದಾಟುವ ಜಾಗ ಇವನ್ನು ನಂಬಿದೆ. ಹಂಗಾಮಿನಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರ್ ಎಳೆದುಕೊಂಡು ಹೋಗುವ ಜಮಖಂಡಿ–ಮುಧೋಳ ರಸ್ತೆಯಲ್ಲಿ, ಮಗ್ಗದ ಸದ್ದು ಓಣಿ ತುಂಬಿರುವ ಬನಹಟ್ಟಿಯಲ್ಲಿ, ಮೂಲೆಗೊಂದು ಬೀದಿನಾಯಿಗಳ ಗುಂಪು ಇರುವಲ್ಲಿ ಅತ್ಯುತ್ತಮ ಲ್ಯಾಬ್ರಡಾರ್ ಕೂಡ ಸೋತೀತು. 2011ರ ಜನಗಣತಿಯ ಪ್ರಕಾರ ರಾಜ್ಯದಲ್ಲಿ 13.24 ಲಕ್ಷ ವಿಕಲಚೇತನರಿದ್ದರು. ಅವರಲ್ಲಿ ಕಣ್ಣು ಕಾಣದವರಿಗೆ ಇವತ್ತು ತುರ್ತಾಗಿ ಬೇಕಾದದ್ದು ಬಿಳಿ ಕೋಲು, ಅದನ್ನು ಬಳಸುವ ಸರಿಯಾದ ತರಬೇತಿ, ನಡೆಯಲು ಒಂದು ಫುಟ್‌ಪಾತ್. ಗ್ರಾಮ ಪಂಚಾಯಿತಿಗಳಲ್ಲಿರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿದರೆ ಸೌಲಭ್ಯಕ್ಕೆ ಅರ್ಜಿ ಎಲ್ಲಿ ಹಾಕಬೇಕೆಂದು ಹೇಳುತ್ತಾರೆ. ನಾಯಿಯ ಕನಸು ಆಮೇಲಿನದು.

ಥೆರಪಿ ಕೆಲಸದ ಮಾತು ಬೇರೆ. ಇಲ್ಲಿ ಬಾಗಿಲು ಪೂರ್ತಿ ಮುಚ್ಚಿಲ್ಲ. ಬಯಲಲ್ಲಿ ಬಾಣದಂತೆ ಓಡುವ ಈ ಗುಂಪಿನ ನಾಯಿಗಳು ಮನೆಯೊಳಗೆ ಬಹಳ ಶಾಂತ, ದಿನದ ಹೆಚ್ಚು ಹೊತ್ತು ಮಲಗಿಯೇ ಇರುತ್ತವೆ. ಇವುಗಳ ದೂರದ ನೆಂಟ ಗ್ರೇಹೌಂಡ್. ರೇಸಿನಿಂದ ನಿವೃತ್ತವಾದ ಗ್ರೇಹೌಂಡ್‌ಗಳನ್ನು ಬ್ರಿಟನ್, ಅಮೆರಿಕಗಳಲ್ಲಿ ವೃದ್ಧಾಶ್ರಮಗಳಿಗೆ ಕರೆದೊಯ್ಯುವ ರೂಢಿಯಿದೆ. ನಿಂತರೆ ತಲೆ ಸರಿಯಾಗಿ ಮಂಚದ ಎತ್ತರಕ್ಕೆ ಬರುತ್ತದೆ, ಮಲಗಿದವರು ಬಗ್ಗದೆ ಮುಟ್ಟಬಹುದು. ಮುಧೋಳ ನಾಯಿಯ ಎತ್ತರವೂ ಅಷ್ಟೇ.

ಆದರೆ ಅದರ ಇನ್ನೊಂದು ಗುಣ ಸಾಕುವವರೆಲ್ಲರಿಗೂ ಗೊತ್ತು. ಮನೆಯವರನ್ನು ಬಿಟ್ಟು ಬೇರೆಯವರು ಮೈಮುಟ್ಟುವುದು ಇದಕ್ಕೆ ಹಿಡಿಸದು. ಒರಟಾಗಿ ನಡೆಸಿಕೊಂಡರೆ ಮುದುಡುತ್ತದೆ. ಚರ್ಮ ತೆಳು, ಕೊಬ್ಬು ಕಡಿಮೆ, ಮಗು ಜೋರಾಗಿ ಹಿಸುಕಿದರೆ ನೋಯುತ್ತದೆ. ಆಕಳಿಕೆ, ತುಟಿ ನೆಕ್ಕುವುದು, ಮುಖ ಆಚೆ ತಿರುಗಿಸುವುದು, ಬಾಲ ಕಾಲ ನಡುವೆ ಸೇರುವುದು, ಇವೆಲ್ಲ ‘ಸಾಕು’ ಎಂದು ನಾಯಿ ಹೇಳುವ ರೀತಿಗಳು. ಅದನ್ನು ಓದಬಲ್ಲ ಯಜಮಾನ ಹಗ್ಗದ ತುದಿಯಲ್ಲಿರಬೇಕು. ನಾಯಿ ಬೇಡ ಎಂದಾಗ ಎದ್ದು ಹೊರಡುವ ಧೈರ್ಯವೂ ಅವನಿಗಿರಬೇಕು, ಫೋಟೊ ತೆಗೆಯುವವರು ಎಷ್ಟೇ ಜನ ಕಾದಿರಲಿ.

ಹಾಗಾಗಿ ತಳಿಯ ಹೆಸರಿನಲ್ಲಿ ಘೋಷಣೆ ಮಾಡುವ ಬದಲು ಮರಿ ಮರಿಯನ್ನೂ ಬೇರೆಯಾಗಿ ನೋಡುವುದು ಒಳ್ಳೆಯ ದಾರಿ. ಏಳು–ಎಂಟು ವಾರದ ಮರಿಯನ್ನು ಹೊಸ ಜಾಗಕ್ಕೆ ಬಿಟ್ಟಾಗ, ಹೊಸಬರು ಎತ್ತಿಕೊಂಡಾಗ, ಪಾತ್ರೆ ಬಿದ್ದ ಸದ್ದಾದಾಗ ಅದು ಹೇಗಿರುತ್ತದೆ ಎಂದು ಬರೆದಿಡುವ ಪದ್ಧತಿ ಮಾರ್ಗದರ್ಶಿ ನಾಯಿ ಶಾಲೆಗಳಲ್ಲಿದೆ. ಚುರುಕಾಗಿ ಬೆನ್ನಟ್ಟುವ ಮರಿ ಸೇನೆಗೆ ಹೋಗಲಿ, ಹೊಸಬರ ಮಡಿಲಲ್ಲೂ ನಿದ್ದೆ ಮಾಡುವ ಮರಿಯನ್ನು ಗುರುತಿಸಿಟ್ಟುಕೊಳ್ಳಲಿ. ಸಾಕುವ ಕುಟುಂಬಗಳು ಈ ಸೀಮೆಯ ಹಳ್ಳಿಹಳ್ಳಿಗಳಲ್ಲಿವೆ. ಮರಿಯ ತಾಯಿ ಯಾವುದು, ಅಜ್ಜಿ ಎಂಥದು ಎಂಬುದು ಅವರ ನಾಲಗೆಯ ಮೇಲಿದೆ. ತಿಮ್ಮಾಪುರದ ಕೇಂದ್ರ ಆ ತಿಳಿವಳಿಕೆಯನ್ನು ಎತ್ತರ, ತೂಕ, ಬಣ್ಣಗಳ ಜೊತೆ ದಾಖಲೆಗೆ ತಂದರೆ ಹತ್ತು ವರ್ಷದಲ್ಲಿ ಸೌಮ್ಯ ಸ್ವಭಾವದ ಒಂದು ಎಳೆ ಕಾಣಸಿಕ್ಕರೂ ಸಿಗಬಹುದು.

ಅಂಥ ಒಂದು ನಾಯಿ ಬೆಳೆದು ದೊಡ್ಡದಾಯಿತು ಎನ್ನೋಣ. ಜಮಖಂಡಿಯ ಒಂದು ವಿಶೇಷ ಶಾಲೆಗೆ ಅದನ್ನು ಕರೆದೊಯ್ಯುವ ಮೊದಲು ರೇಬೀಸ್ ಮತ್ತಿತರ ಲಸಿಕೆಗಳ ಚೀಟಿ, ಜಂತುಹುಳದ ಔಷಧ, ಹಿಂದಿನ ದಿನದ ಸ್ನಾನ, ಉಗುರು ಕತ್ತರಿಸುವುದು ಆಗಿರಬೇಕು. ಹಸಿ ಮಾಂಸ ತಿನ್ನುವ ನಾಯಿಯನ್ನು ಆಸ್ಪತ್ರೆಗಳು ಒಳಗೆ ಬಿಟ್ಟುಕೊಳ್ಳಬಾರದು. ಪ್ರತಿ ಮಗುವಿನ ತಂದೆತಾಯಿಯ ಒಪ್ಪಿಗೆ ಬರಹದಲ್ಲಿ ಬೇಕು. ನಾಯಿ ಕಂಡರೆ ಹೆದರುವ, ಉಬ್ಬಸವಿರುವ, ರೋಗನಿರೋಧಕ ಶಕ್ತಿ ಕುಂದಿರುವ ಮಕ್ಕಳಿಗೆ ಬೇರೆ ಕೋಣೆ, ಬೇರೆ ಆಟ. ಮೊದಲ ಭೇಟಿ ಹದಿನೈದು–ಇಪ್ಪತ್ತು ನಿಮಿಷ ಮೀರಬಾರದು. ನಾಯಿ ಹೊರಟ ಮೇಲೆ ಮಕ್ಕಳೆಲ್ಲರೂ ಸೋಪು ಹಚ್ಚಿ ಕೈತೊಳೆಯಬೇಕು, ನಾಯಿಗೆ ನೀರು ಮತ್ತು ನೆರಳು ಸಿಗಬೇಕು. ಮುಂದಿನ ವಾರ ಶಾಲೆಯ ಗೇಟು ಕಂಡಾಗ ಅದು ಬಾಲ ಅಲ್ಲಾಡಿಸುತ್ತದೋ ಹಿಂದೆ ಜಗ್ಗುತ್ತದೋ ನೋಡಿ, ಮೂರನೆಯ ಭೇಟಿ ಬೇಕೇ ಬೇಡವೇ ಎಂದು ಯಜಮಾನ ತೀರ್ಮಾನಿಸಬೇಕು.